ಫೇರ್‌ವೇ ವುಡ್: ಆರಿಸುವುದು ಹೇಗೆ, ಹೊಡೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವೆಗಳಲ್ಲಿ ಗಾಲ್ಫ್ ಆಡುವ ಕನ್ನಡಿಗರು ಕಡಿಮೆಯೇನಲ್ಲ. ಚೆಂಬೂರಿನಲ್ಲಿ ಟೀ (ಮೊದಲ ಹೊಡೆತದ ಜಾಗ) ಬಳಿ ಸರದಿಗಾಗಿ ಕಾಯುವಾಗ, ಮಾಟುಂಗದಲ್ಲಿ ಇಡ್ಲಿ ತಿನ್ನುವಾಗ, ಆಮೇಲೆ ವಾಟ್ಸಾಪ್‌ನಲ್ಲಿ, ಕೆಲವು ಹಿರಿಯರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎಡ-ಬಲದ ಮಾತು ಬಂದಲ್ಲೆಲ್ಲ ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ: ಫೇರ್‌ವೇ ವುಡ್, ಅಂದರೆ ಕತ್ತರಿಸಿದ ಹುಲ್ಲಿನ ಹಾದಿಯಾದ ಫೇರ್‌ವೇ ಮೇಲಿಂದ ದೂರ ಹೊಡೆಯುವ ಕ್ಲಬ್, ಕೊಳ್ಳುವಾಗ ಚೆಂಡು ಎಷ್ಟು ಎತ್ತರ ಏಳುತ್ತದೆ ಎಂದು ನೋಡಿ. ಎತ್ತರ ಬಂದರೆ ದೂರ ತಾನಾಗಿ ಬರುತ್ತದೆ.

## ಮೊದಲು ತಿಳಿಯಬೇಕಾದ್ದು

ಡ್ರೈವರ್ ಇದೆ, ಐರನ್ ಸೆಟ್ ಇದೆ. ಇದೊಂದು ಬೇರೆ ಯಾಕೆ ಸರ್?

ಡ್ರೈವರನ್ನು ಟೀ (ನೆಲಕ್ಕೆ ಚುಚ್ಚುವ ಪುಟ್ಟ ಗೂಟ) ಮೇಲಿನ ಚೆಂಡಿಗೆಂದೇ ಮಾಡಿರುತ್ತಾರೆ. ಅದರ ತಲೆ ದೊಡ್ಡದು. ನಿಯಮ ಒಪ್ಪುವ ಮಿತಿ 460 ಸಿಸಿ. ಮುಖ ಎತ್ತರ, ಲಾಫ್ಟ್ (ಮುಖ ಹಿಂದಕ್ಕೆ ವಾಲಿದ ಕೋನ) ಕಡಿಮೆ. ಹುಲ್ಲಿಗಂಟಿ ಕೂತ ಚೆಂಡನ್ನು ಅದರಿಂದ ಎಬ್ಬಿಸುವುದು ವೃತ್ತಿಪರರಿಗೂ ಕಷ್ಟ. ಇತ್ತ ತೆಳು ಲೋಹದ ತಲೆಯ 4ನೇ, 5ನೇ ಐರನ್‌ನಲ್ಲಿ 180 ಯಾರ್ಡ್ ದಾಟಿಸುವುದು ಹೆಚ್ಚಿನ ಹವ್ಯಾಸಿಗಳಿಂದ ಆಗದು. ಈ ಎರಡರ ನಡುವಿನ ಕೆಲಸ ಫೇರ್‌ವೇ ವುಡ್‌ನದು. ತಲೆ ಸಾಮಾನ್ಯವಾಗಿ 200 ಸಿಸಿಯೊಳಗೆ, ಮುಖ ಗಿಡ್ಡ, ತಳ ಅಗಲ, ಭಾರ ಕೆಳಗೆ. ಚೆಂಡಿನ ಮಧ್ಯಭಾಗಕ್ಕಿಂತ ಕ್ಲಬ್ಬಿನ ಭಾರ ಕೆಳಗಿರುವುದರಿಂದಲೇ ಟೀ ಇಲ್ಲದೆಯೂ ಚೆಂಡು ಮೇಲೇಳುತ್ತದೆ. ಹಿಂದೆ ಈ ತಲೆಗಳನ್ನು ಪರ್ಸಿಮನ್ ಮರದಲ್ಲಿ ಕೆತ್ತುತ್ತಿದ್ದರು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ತಲೆಯ ವುಡ್ ತಂದ ಮೇಲೆ ಮರ ಮೆಲ್ಲಗೆ ಮರೆಯಾಯಿತು.

ಪಾರ್ 5ರ (ಐದು ಹೊಡೆತಕ್ಕೆ ಮುಗಿಸಬೇಕಾದ ಹೋಲ್) ಎರಡನೇ ಹೊಡೆತ, ಉದ್ದದ ಪಾರ್ 4ರಲ್ಲಿ ಗ್ರೀನ್ (ಗುಳಿ ಇರುವ ನುಣುಪು ಹುಲ್ಲು) ತಲುಪುವುದು, ಇಕ್ಕಟ್ಟಿನ ಹೋಲ್‌ನಲ್ಲಿ ಟೀ ಹೊಡೆತ, ಈ ಮೂರಕ್ಕೂ ಇದು ಬೇಕು.

3-ವುಡ್ ತಗೊಳ್ಳೋದಾ, 5-ವುಡ್ಡಾ? ಅಂಗಡೀಲಿ ಎಲ್ಲರೂ 3-ವುಡ್ಡೇ ಅಂತಾರೆ.

ಮೊದಲು ಅಳತೆ. 3-ವುಡ್‌ನ ಲಾಫ್ಟ್ 15 ಡಿಗ್ರಿ ಆಸುಪಾಸು, ಉದ್ದ ಸುಮಾರು 43 ಇಂಚು. 5-ವುಡ್ 18-19 ಡಿಗ್ರಿ, ಉದ್ದದಲ್ಲಿ ಅರ್ಧ ಇಂಚಿನಷ್ಟು ಕಡಿಮೆ. 7-ವುಡ್ 21-22, 9-ವುಡ್ 24-25 ಡಿಗ್ರಿ. 3 ಮತ್ತು 5ರ ನಡುವೆ ಕೆಲವು ಕಂಪನಿಗಳು 4-ವುಡ್ ಅನ್ನೂ ಕೊಡುತ್ತವೆ.

ಲಾಫ್ಟ್ ಹೆಚ್ಚಾದಷ್ಟೂ ದೂರ ಕಡಿಮೆ ಎಂಬ ಲೆಕ್ಕ ವೇಗವಾಗಿ ಬೀಸುವವರಿಗೆ ಸರಿ. ಚೆಂಡು ಗಾಳಿಯಲ್ಲಿ ನಿಲ್ಲಬೇಕಾದರೆ ವೇಗ, ಹೊರಡುವ ಕೋನ, ಹಿಮ್ಮುಖ ಸ್ಪಿನ್ ಮೂರೂ ಬೇಕು. ಸ್ವಿಂಗ್ ನಿಧಾನವಿದ್ದವರು 15 ಡಿಗ್ರಿಯಲ್ಲಿ ಹೊಡೆದರೆ ಚೆಂಡು ಸರಿಯಾಗಿ ಏಳುವ ಮೊದಲೇ ಇಳಿಯತೊಡಗುತ್ತದೆ. ಅದೇ ಸ್ವಿಂಗ್‌ಗೆ 18 ಡಿಗ್ರಿ ಕೊಟ್ಟರೆ ಚೆಂಡು ಹೆಚ್ಚು ಹೊತ್ತು ಮೇಲಿದ್ದು ಅಷ್ಟೇ ದೂರ, ಎಷ್ಟೋ ಸಲ ಇನ್ನೂ ಮುಂದೆ ಹೋಗಿ ಬೀಳುತ್ತದೆ. ಗಿಡ್ಡ ಕ್ಲಬ್ ಆದ್ದರಿಂದ ಮುಖದ ನಡುವಿಗೆ ತಾಗುವುದೂ ಹೆಚ್ಚು.

ಕೇಳಿದವರಿಗೆ ನಾನು ಹೇಳುವ ಗುರುತು ಇದು. ಡ್ರೈವರ್‌ನಲ್ಲಿ ನಿಮ್ಮ ಚೆಂಡು ಉರುಳಾಟ ಬಿಟ್ಟು, ಗಾಳಿಯಲ್ಲೇ 200 ಯಾರ್ಡ್ ದಾಟದಿದ್ದರೆ ಸದ್ಯಕ್ಕೆ 3-ವುಡ್ ಬೇಡ, 5-ವುಡ್ ಕೊಳ್ಳಿ. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಎರಡನ್ನೂ ಹುಲ್ಲಿನ ಮೇಲಿಂದ ಹೊಡೆದು ನೋಡಿ. ಮ್ಯಾಟ್ ಮೇಲಿನ ಪರೀಕ್ಷೆಯನ್ನು ನಂಬಬೇಡಿ. ಅಲ್ಲಿ ಕ್ಲಬ್ ಚೆಂಡಿಗಿಂತ ಎರಡಿಂಚು ಹಿಂದೆ ನೆಲಕ್ಕೆ ತಾಗಿದರೂ ಜಾರಿಕೊಂಡು ಬಂದು ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಹುಲ್ಲಿನಲ್ಲಿ ಅದೇ ಸ್ವಿಂಗ್ ನೆಲದಲ್ಲಿ ಸಿಕ್ಕಿಕೊಳ್ಳುತ್ತದೆ. ಡ್ರೈವರ್ ಜೊತೆಗೆ 3-ವುಡ್ ಎಂಬುದು ಹಳೇ ರೂಢಿ. ಅಂಗಡಿಯವರು ರೂಢಿಯಂತೆ ಕೊಡುತ್ತಾರೆ, ನಿಮ್ಮ ಸ್ವಿಂಗ್ ಅವರು ನೋಡಿರುವುದಿಲ್ಲ.

7-ವುಡ್ ಅಂದ್ರ ವಯಸ್ಸಾದವ್ರ ಕ್ಲಬ್ ಅಂತ ನಮ್ಮ ಗುಂಪಿನ್ಯಾಗ ನಗ್ತಾರ್ರಿ. ಖರೇನ?

ಖಂಡಿತ ಅಲ್ಲ. 2020ರ ನವೆಂಬರ್‌ನಲ್ಲಿ ಪಾರ್‌ಗಿಂತ 20 ಹೊಡೆತ ಕಡಿಮೆಯಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದಾಗ ಡಸ್ಟಿನ್ ಜಾನ್ಸನ್ ಬ್ಯಾಗ್‌ನಲ್ಲಿ 7-ವುಡ್ ಇತ್ತು. ಜಗತ್ತಿನಲ್ಲೇ ಅತಿ ದೂರ ಹೊಡೆಯುವವರಲ್ಲಿ ಅವರೊಬ್ಬರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಆಟವನ್ನೂ ನೆನಪಿಸಿಕೊಳ್ಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟೀಯಿಂದ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರೂ, ಉದ್ದದ ಎರಡನೇ ಹೊಡೆತಗಳಿಗೆ ವುಡ್, ವುಡ್-ಐರನ್ ಬೆರಕೆಯ ಹೈಬ್ರಿಡ್‌ಗಳನ್ನೇ ನೆಚ್ಚಿಕೊಂಡು ನಾಲ್ಕನೇ ಸ್ಥಾನಕ್ಕೆ ಬಂದರು. ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಆ ವಾರ ನಸುಕಿನಲ್ಲೇ ಎದ್ದು ಟಿವಿ ಮುಂದೆ ಕೂತವರಿಗೆ ದೂರದಿಂದ ಗ್ರೀನ್ ಹಿಡಿಯುವ ಕಲೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ.

7-ವುಡ್‌ನ ಚೆಂಡು ಎತ್ತರದಿಂದ ಕಡಿದಾಗಿ ಇಳಿಯುತ್ತದೆ, ಗ್ರೀನ್ ಮೇಲೆ ಬೇಗ ನಿಲ್ಲುತ್ತದೆ. ನನ್ನನ್ನು ಕೇಳಿದರೆ ವಾರಕ್ಕೊಮ್ಮೆ ಆಡುವವರಿಗೆ ಇದಕ್ಕಿಂತ ಉಪಕಾರಿಯಾದ ಕ್ಲಬ್ ಇನ್ನೊಂದಿಲ್ಲ.

ಹೈಬ್ರಿಡ್ ಉಂಟಲ್ಲ, ಮತ್ತೆ ಇದು ಎಂತಕ್ಕೆ ಮಾರಾಯ್ರೆ?

ಎರಡರ ಸ್ವಭಾವ ಬೇರೆ. ಹೈಬ್ರಿಡ್ ಸುಮಾರು 40 ಇಂಚು, ತಲೆ ಚಿಕ್ಕದು, ಹುಲ್ಲನ್ನು ಸೀಳಿಕೊಂಡು ಹೋಗುತ್ತದೆ. ರಫ್‌ನಿಂದ (ಫೇರ್‌ವೇ ಪಕ್ಕದ ಉದ್ದ ಹುಲ್ಲು), ಹಳೇ ಡಿವಟ್ ಗುಂಡಿಯಿಂದ (ಹಿಂದಿನವರ ಕ್ಲಬ್ ಹುಲ್ಲು ಕಿತ್ತ ಜಾಗ) ತೆಗೆಯಲು ಅದೇ ಸರಿ. ಅಷ್ಟೇ ಲಾಫ್ಟ್‌ನ ಫೇರ್‌ವೇ ವುಡ್‌ನಲ್ಲಿ ಭಾರ ಹಿಂದಕ್ಕೆ, ಕೆಳಕ್ಕೆ ಇರುತ್ತದೆ, ಶಾಫ್ಟ್ (ಕ್ಲಬ್ಬಿನ ಕೋಲು) ಉದ್ದ. ಹಾಗಾಗಿ ಚೆಂಡು ಹೆಚ್ಚು ಎತ್ತರ, ಹೆಚ್ಚು ದೂರ. ಐರನ್ ಹೊಡೆದಂತೆ ಮೇಲಿಂದ ಕೆಳಕ್ಕೆ ಬರುವ ಸ್ವಿಂಗ್ ನಿಮ್ಮದಾದರೆ ಹೈಬ್ರಿಡ್ ಒಲಿಯುತ್ತದೆ. ನೆಲ ಸವರಿಕೊಂಡು ಹೋಗುವ ಸ್ವಿಂಗ್ ಆದರೆ ವುಡ್ ಒಲಿಯುತ್ತದೆ. ಹೈಬ್ರಿಡ್‌ನಲ್ಲಿ ಚೆಂಡು ಸದಾ ಎಡಕ್ಕೆ ಓಡುತ್ತದೆ ಎನ್ನುವವರು 7-ವುಡ್ ಹೊಡೆದು ನೋಡಿ.

ಬ್ಯಾಗ್‌ನಲ್ಲಿ ಎಷ್ಟು ಇಟ್ಕೊಬಹುದು?

ಒಟ್ಟು 14 ಕ್ಲಬ್ ದಾಟಬಾರದು, ಅಷ್ಟೇ ನಿಯಮ. ದಾಟಿದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ತಪ್ಪು ನಡೆದ ಪ್ರತಿ ಹೋಲ್‌ಗೆ ಎರಡು, ಒಂದು ಸುತ್ತಿಗೆ ಗರಿಷ್ಠ ನಾಲ್ಕು ದಂಡದ ಹೊಡೆತ. ಹೆಚ್ಚಿನವರಿಗೆ 5-ವುಡ್, 7-ವುಡ್, ಒಂದು ಹೈಬ್ರಿಡ್ ಸಾಕಾಗುತ್ತದೆ.

## ಕೊಳ್ಳುವಾಗ

ಶಾಫ್ಟ್ ರೆಗ್ಯುಲರ್ ಹಾಕಿಸ್ಲಾ, ಸ್ಟಿಫ್ ಹಾಕಿಸ್ಲಾ?

ಡ್ರೈವರ್‌ನಲ್ಲಿ ಯಾವ ಫ್ಲೆಕ್ಸ್ (ಶಾಫ್ಟ್ ಬಾಗುವ ಗುಣ) ನಿಮಗೆ ಹೊಂದಿದೆಯೋ ಅದೇ ಇರಲಿ. ಶಾಫ್ಟ್ ಮೇಲೆ ಬರೆದ ಫ್ಲೆಕ್ಸ್ ಅಕ್ಷರಕ್ಕೆ ಎಲ್ಲ ಕಂಪನಿಗಳಿಗೂ ಒಪ್ಪುವ ಒಂದೇ ಮಾನದಂಡ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಹತ್ತಿರ ಇರುತ್ತದೆ. ಅದಕ್ಕಿಂತ ಶಾಫ್ಟ್‌ನ ತೂಕ ಗಮನಿಸಿ. ಫೇರ್‌ವೇ ವುಡ್‌ನ ಶಾಫ್ಟ್ ಡ್ರೈವರ್‌ನದಕ್ಕಿಂತ ಐದು-ಹತ್ತು ಗ್ರಾಂ ಭಾರ ಇದ್ದರೆ ನೆಲದ ಮೇಲಿನ ಹೊಡೆತದಲ್ಲಿ ಲಯ ತಪ್ಪುವುದಿಲ್ಲ. ತೀರ ಹಗುರ ಶಾಫ್ಟ್‌ನಲ್ಲಿ ಕೈಗಳು ಅವಸರ ಮಾಡುತ್ತವೆ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಮೋಸ ಆಗ್ತದಾ ಅಣ್ಣಾ?

ನೋಡಿ ತೆಗೆದುಕೊಂಡರೆ ಆಗುವುದಿಲ್ಲ. ನಾಲ್ಕೈದು ವರ್ಷ ಹಳೆಯ ಒಳ್ಳೆಯ 5-ವುಡ್‌ಗೂ ಈ ವರ್ಷದ ಹೊಸದಕ್ಕೂ ಹವ್ಯಾಸಿಯ ಕೈಯಲ್ಲಿ ವ್ಯತ್ಯಾಸ ಅಲ್ಪ, ಬೆಲೆಯಲ್ಲಿ ವ್ಯತ್ಯಾಸ ಬಹಳ. ತಲೆಯ ಮೇಲ್ಭಾಗವನ್ನು ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕು ಇದೆಯೇ ನೋಡಿ. ಮುಖದ ನಡುವೆ ಬೆರಳಾಡಿಸಿ, ತಗ್ಗು ಬಿದ್ದಿದ್ದರೆ ಬೇಡ. ಅಲ್ಲಾಡಿಸಿದಾಗ ಒಳಗೆ ಕಲ್ಲಾಡಿದ ಸದ್ದು ಬಂದರೆ ಅಂಟು ಒಡೆದು ಚೂರು ಬಿದ್ದಿರಬಹುದು. ಶಾಫ್ಟ್ ತಲೆಗೆ ಸೇರುವ ಜಾಗದಲ್ಲಿ ತಿರುಚಿದರೆ ಸ್ವಲ್ಪವೂ ಅಲುಗಬಾರದು.

ನಕಲಿ ಮಾಲಿನ ಬಗ್ಗೆ ನಿಜಕ್ಕೂ ಎಚ್ಚರ ಬೇಕು. ಅಕ್ಷರಗಳ ಬಣ್ಣ ಒಡ್ಡೊಡ್ಡಾಗಿದ್ದರೆ, ಸೀರಿಯಲ್ ನಂಬರ್ ಇಲ್ಲದಿದ್ದರೆ, ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ಕೈಬಿಡಿ. ಗ್ರಿಪ್ ಸವೆದಿದ್ದರೆ ಚಿಂತೆ ಬೇಡ, ಹೊಸದು ಹಾಕಿಸಬಹುದು. ಮುಂಬೈಯ ಬೆವರಿಗೆ ಹೇಗೂ ಬೇಗ ಬದಲಾಯಿಸಬೇಕಾಗುತ್ತದೆ.

ಆ ಸ್ಕ್ರೂ ತಿರುಗಿಸಿ 3-ವುಡ್ಡನ್ನೇ 5-ವುಡ್ ಮಾಡ್ಕೊಬಹುದಂತೆ, ಹೌದಾ?

ಪೂರ್ತಿ ಹಾಗಲ್ಲ. ಹೊಂದಿಸಬಲ್ಲ ಕ್ಲಬ್‌ಗಳಲ್ಲಿ ಒಂದೂವರೆ, ಎರಡು ಡಿಗ್ರಿ ಹೆಚ್ಚು-ಕಡಿಮೆ ಮಾಡಬಹುದು. ಲಾಫ್ಟ್ ಹೆಚ್ಚಿಸಿದಾಗ ಮುಖ ತುಸು ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಇಳಿಸಿದಾಗ ಬಲಕ್ಕೆ ತೆರೆದುಕೊಳ್ಳುತ್ತದೆ. ಚೆಂಡು ಬಲಕ್ಕೆ ಬಾಗಿ (ಸ್ಲೈಸ್) ಹೋಗುವವರಿಗೆ ಮೊದಲಿನದು ವರ. ಉದ್ದ ಮಾತ್ರ 3-ವುಡ್‌ನದ್ದೇ ಉಳಿಯುತ್ತದೆ ಎಂಬುದು ನೆನಪಿರಲಿ. ಸುತ್ತು ಶುರುವಾದ ಮೇಲೆ ಹೊಂದಿಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಮೊದಲ ಟೀಗೆ ಮುಂಚೆಯೇ ಮುಗಿಸಿ.

ಕ್ಲಬ್ ಮೆಂಬರ್ ಅಲ್ಲದವರು ಹುಲ್ಲಿನ ಮೇಲೆ ಎಲ್ಲಿ ಹೊಡೆದು ನೋಡೋದು?

ಮುಂಬೈ ಕಡೆಯವರಿಗೆ ನನ್ನ ಸಲಹೆ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋದ ಖಾರ್ಘರ್ ವ್ಯಾಲಿ ಗಾಲ್ಫ್ ಕೋರ್ಸ್. ಸದಸ್ಯತ್ವವಿಲ್ಲದೆ ಶುಲ್ಕ ಕೊಟ್ಟು ಆಡಬಹುದಾದ ಜಾಗ, ಸುತ್ತ ಬೆಟ್ಟ. ಚೆಂಬೂರಿನಲ್ಲಿ 1927ರಿಂದ ಇರುವ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್‌ನಂಥಲ್ಲಿ ಸದಸ್ಯರ ಜೊತೆ ಅತಿಥಿಯಾಗಿ ಹೋಗಬೇಕು. ಪುಣೆಯವರು ಯರವಡಾದ ಪೂನಾ ಕ್ಲಬ್ ಗಾಲ್ಫ್ ಕೋರ್ಸ್, ಬಾವಧನ್ ಕಡೆಯ ಆಕ್ಸ್‌ಫರ್ಡ್ ಗಾಲ್ಫ್ ರೆಸಾರ್ಟ್‌ಗಳಲ್ಲಿ ಮೊದಲೇ ಫೋನ್ ಮಾಡಿ ವಿಚಾರಿಸಿ.

## ಹೊಡೆಯುವಾಗ

ಟೀ ಮ್ಯಾಲಿಟ್ರ ಚಂದ ಹೋಗ್ತದ. ನೆಲದ ಮ್ಯಾಲಿಂದ ಹೊಡದ್ರ ಚಂಡು ಏಳಂಗಿಲ್ಲ, ಉಳ್ಳಕೋತ ಹೋಗ್ತದ. ಯಾಕ್ರೀ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ. ಲಾಫ್ಟ್ ಕಡಿಮೆ ಕಂಡೊಡನೆ ಚೆಂಡನ್ನು ನಾವೇ ಎತ್ತಬೇಕು ಅನ್ನಿಸುತ್ತದೆ. ಆಗ ದೇಹದ ಭಾರ ಬಲಗಾಲಿನಲ್ಲೇ ಉಳಿಯುತ್ತದೆ, ಎದೆ ಮೇಲಕ್ಕೆ ಏಳುತ್ತದೆ, ಕೈಗಳು ಮಡಚುತ್ತವೆ. ಸ್ವಿಂಗ್‌ನ ಅತಿ ತಗ್ಗಿನ ಬಿಂದು ಚೆಂಡಿಗಿಂತ ಹಿಂದೆ ಬಂದುಬಿಡುತ್ತದೆ. ಅಲ್ಲಿಂದ ಮೇಲೇರುತ್ತಿರುವ ಕ್ಲಬ್ ಚೆಂಡಿನ ಮೇಲ್ಭಾಗಕ್ಕೆ ತಾಗಿ ಚೆಂಡು ಉರುಳುತ್ತದೆ. ಇಲ್ಲದಿದ್ದರೆ ಮೊದಲೇ ನೆಲಕ್ಕೆ ಬಡಿಯುತ್ತದೆ. ಎರಡೂ ಒಂದೇ ದೋಷದ ಎರಡು ರೂಪ.

ಸರಿಪಡಿಸಲು ಮೊದಲು ಚೆಂಡಿನ ಜಾಗ ನೋಡಿ. ಎಡಹಿಮ್ಮಡಿಯಿಂದ ಒಂದೆರಡು ಚೆಂಡಿನಷ್ಟು ಒಳಗೆ ಇರಬೇಕು. ಡ್ರೈವರ್‌ನಂತೆ ಹಿಮ್ಮಡಿಯ ನೇರಕ್ಕೆ ಇಟ್ಟರೆ ತೀರ ಮುಂದಾಯಿತು. ನಂತರ ಭಾರ. ಸ್ವಿಂಗ್ ಮುಗಿದಾಗ ಬಲಪಾದ ಬರೀ ಬೆರಳ ತುದಿಯಲ್ಲಿ ನಿಂತಿರಬೇಕು, ಹೊಟ್ಟೆ ಗುರಿಯ ಕಡೆ ತಿರುಗಿರಬೇಕು. ಹಾಗಿಲ್ಲದಿದ್ದರೆ ಭಾರ ಹಿಂದೆಯೇ ಉಳಿದಿದೆ.

ಅಭ್ಯಾಸಕ್ಕೆ ಚೆಂಡಿಲ್ಲದೆ ಶುರು ಮಾಡಿ. ಎಡಹಿಮ್ಮಡಿಯ ಸ್ವಲ್ಪ ಒಳಗೆ ಹುಲ್ಲಿನ ತುದಿ ಸವರುವ ಸದ್ದು ಪ್ರತಿ ಸಲವೂ ಒಂದೇ ಜಾಗದಲ್ಲಿ ಕೇಳಬೇಕು. ಕೇಳತೊಡಗಿದ ಮೇಲೆ ಗಿಡ್ಡ ಟೀ ಮೇಲೆ ಚೆಂಡಿಟ್ಟು ಮುಕ್ಕಾಲು ಸ್ವಿಂಗ್ ಮಾಡಿ. ದಿನ ಕಳೆದಂತೆ ಟೀಯನ್ನು ನೆಲಕ್ಕೆ ತಗ್ಗಿಸುತ್ತ ಬನ್ನಿ. ಕೊನೆಗೆ ಟೀ ತೆಗೆದಾಗ ದೇಹಕ್ಕೆ ವ್ಯತ್ಯಾಸವೇ ಗೊತ್ತಾಗಬಾರದು. ಇಷ್ಟಾದರೂ 3-ವುಡ್ ಏಳದಿದ್ದರೆ ಸ್ವಿಂಗ್ ಅನ್ನು ಬಯ್ಯುವ ಮೊದಲು 5-ವುಡ್ ಎತ್ತಿಕೊಳ್ಳಿ.

ಒಬ್ಬ ಕೋಚ್ ಕೆಳಕ್ಕೆ ಹೊಡಿ ಅಂತಾರೆ, ಇನ್ನೊಬ್ಬರು ಗುಡಿಸು ಅಂತಾರೆ. ಯಾರ ಮಾತು ಕೇಳೋದು?

ಇಬ್ಬರ ಮಾತೂ ಸರಿ. ಟ್ರ್ಯಾಕ್‌ಮ್ಯಾನ್ ರಡಾರ್‌ನ ಅಳತೆಯಲ್ಲಿ ಪುರುಷ ವೃತ್ತಿಪರರ 3-ವುಡ್ ಸರಾಸರಿ ಸುಮಾರು 3 ಡಿಗ್ರಿ ಕೆಳಮುಖವಾಗಿ ಚೆಂಡಿಗೆ ತಾಗುತ್ತದೆ, ಮಹಿಳಾ ವೃತ್ತಿಪರರದು ಸುಮಾರು 1 ಡಿಗ್ರಿ. ಎರಡೂ ಅಲ್ಪ ಕೋನಗಳೇ. ಅಂಗಳ ಗುಡಿಸುವಾಗ ಪೊರಕೆ ನೆಲವನ್ನು ಕೆರೆಯುವುದಿಲ್ಲ, ನೆಲ ಬಿಟ್ಟೂ ಹೋಗುವುದಿಲ್ಲ. ತುಸು ಇಳಿದು ಉದ್ದಕ್ಕೆ ಸವರುತ್ತದೆ. ಕ್ಲಬ್ ಹೀಗೇ ಬರಬೇಕು. ಹೊಡೆದ ಮೇಲೆ ಹುಲ್ಲು ಮಲಗಿರಬೇಕು, ಮಣ್ಣಿನ ಹೆಂಟೆ ಹಾರಬಾರದು. ಹೆಂಟೆ ಹಾರಿಸುವ ಅಭ್ಯಾಸದವರಿಗೆ ‘ಗುಡಿಸು’ ಎನ್ನಬೇಕು, ಚೆಂಡಿನ ತಲೆಗೆ ಹೊಡೆಯುವವರಿಗೆ ‘ಕೆಳಕ್ಕೆ ಹೊಡಿ’ ಎನ್ನಬೇಕು. ನಿಮ್ಮ ಕೋಚ್‌ಗಳು ಬೇರೆ ಬೇರೆ ದಿನ ನಿಮ್ಮ ಬೇರೆ ಬೇರೆ ದೋಷ ನೋಡಿರಬಹುದು.

ಟೀ ಎಷ್ಟು ಎತ್ತರ ಇಡ್ಬೇಕು?

ಅರ್ಧ ಇಂಚಿಗಿಂತ ಕಡಿಮೆ. ಚೆಂಡು ಒಳ್ಳೆಯ ಹುಲ್ಲಿನ ಮೇಲೆ ಕೂತಷ್ಟು ಎತ್ತರ ಸಾಕು. ಡ್ರೈವರ್‌ನಷ್ಟು ಎತ್ತರ ಇಟ್ಟರೆ ಮುಖದ ಮೇಲಂಚಿಗೆ ತಾಗಿ ಆಕಾಶಕ್ಕೆ ಹೋಗುತ್ತದೆ, ತಲೆಯ ಮೇಲೆ ಗೀರೂ ಬೀಳುತ್ತದೆ.

ಯಾವಾಗಲೂ ಬಲಕ್ಕೆ ತಿರುಗಿ ಹೋಗ್ತದೆ, 7ನೇ ಐರನ್ ಮಾತ್ರ ನೆಟ್ಟಗೆ ಹೋಗ್ತದೆ.

ಸ್ವಿಂಗ್ ಎರಡರಲ್ಲೂ ಒಂದೇ ಇರಬಹುದು. ಲಾಫ್ಟ್ ಕಡಿಮೆಯಾದಷ್ಟೂ ಅದೇ ದೋಷ ಹೆಚ್ಚು ವಕ್ರವಾಗಿ ಕಾಣುತ್ತದೆ. ಚೆಂಡು ತೀರ ಮುಂದಿದ್ದರೆ ಅದನ್ನು ತಲುಪಲು ಭುಜಗಳು ಎಡಕ್ಕೆ ತೆರೆದುಕೊಳ್ಳುತ್ತವೆ, ಕ್ಲಬ್ ಹೊರಗಿನಿಂದ ಒಳಕ್ಕೆ ಬರುತ್ತದೆ. ಚೆಂಡನ್ನು ಹಿಂದಕ್ಕೆ ಸರಿಸಿ, ಭುಜಗಳನ್ನು ಗುರಿಯ ಗೆರೆಗೆ ಸಮಾನಾಂತರ ಮಾಡಿ. ಅಭ್ಯಾಸದ ಹೊತ್ತಿನಲ್ಲಿ ಮುಖಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿ ಹೊಡೆದರೆ ಚೆಂಡು ಎಲ್ಲಿ ತಾಗಿತೆಂಬ ಗುರುತು ಉಳಿಯುತ್ತದೆ. ವುಡ್‌ನ ಭಾರ ಮುಖದಿಂದ ಹಿಂದೆ ಇರುವುದರಿಂದ ಕ್ಲಬ್ಬಿನ ಹಿಮ್ಮಡಿಯ ಕಡೆ (ಶಾಫ್ಟ್ ಸೇರುವ ಬದಿ) ತಾಗಿದ ಚೆಂಡೂ ಬಲಕ್ಕೆ ಬಾಗುತ್ತದೆ. ಆಗ ದೋಷ ನಿಲುವಿನದು, ನೀವು ಚೆಂಡಿಗೆ ತೀರ ಹತ್ತಿರ ನಿಂತಿರಬಹುದು. ಆಟದ ಸುತ್ತಿನಲ್ಲಿ ಮಾತ್ರ ಮುಖಕ್ಕೆ ಏನೂ ಹಚ್ಚುವಂತಿಲ್ಲ.

ರಫ್‌ನಿಂದ, ಫೇರ್‌ವೇ ಬಂಕರ್‌ನಿಂದ ಹೊಡೀಬಹುದಾ?

ರಫ್‌ನಲ್ಲಿ ಚೆಂಡಿನ ಅರ್ಧಕ್ಕಿಂತ ಹೆಚ್ಚು ಕಾಣುತ್ತಿದ್ದರೆ 7-ವುಡ್ ಹೊಡೆಯಿರಿ. ಕಾಣದಿದ್ದರೆ ವೆಡ್ಜ್ (ಲಾಫ್ಟ್ ಹೆಚ್ಚಿರುವ ಗಿಡ್ಡ ಕ್ಲಬ್) ತೆಗೆದು ಹೊರಗೆ ಬನ್ನಿ. ಬಂಕರ್‌ನಲ್ಲಿ (ಮರಳಿನ ಗುಂಡಿ) ಮುಂದಿನ ಅಂಚು ತಗ್ಗಿದ್ದು ಚೆಂಡು ಮರಳ ಮೇಲೆ ಸ್ವಚ್ಛವಾಗಿ ಕೂತಿದ್ದರೆ ಮಾತ್ರ.

## ನಮ್ಮ ಹವೆ, ನಮ್ಮ ನೆಲ

ಮಳೆಗಾಲದಲ್ಲಿ ಫೇರ್‌ವೇ ಎಲ್ಲ ಒದ್ದೆ. ವುಡ್ ತೆಗೆಯೋದಾ ಬೇಡ್ವಾ?

ತೆಗೆಯಿರಿ, ಆದರೆ ಲಾಫ್ಟ್ ಹೆಚ್ಚಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಬಿದ್ದ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ. ಉರುಳಾಟ ಸಿಗುವುದಿಲ್ಲವೆಂದ ಮೇಲೆ ಗಾಳಿಯಲ್ಲಿ ಹೋದಷ್ಟೇ ದೂರ. ಜೊತೆಗೆ ಮುಖ ಮತ್ತು ಚೆಂಡಿನ ನಡುವೆ ನೀರು ಸೇರಿ ಸ್ಪಿನ್ ಕಡಿಮೆಯಾಗುತ್ತದೆ, 3-ವುಡ್‌ನ ಚೆಂಡು ಇನ್ನೂ ಬೇಗ ಕುಸಿಯುತ್ತದೆ. ಒಂದು ಒಳ್ಳೆಯ ಸಂಗತಿಯೂ ಇದೆ: ಮೆತ್ತಗಿನ ನೆಲದಲ್ಲಿ ಐರನ್ ಹೂತುಹೋದರೆ ವುಡ್‌ನ ಅಗಲ ತಳ ತೇಲುತ್ತದೆ. ಪ್ರತಿ ಹೊಡೆತಕ್ಕೂ ಮೊದಲು ಮುಖ ಒರೆಸಿ. ಒಣ ಟವೆಲ್ ಒಂದನ್ನು ಛತ್ರಿಯ ಕಡ್ಡಿಗೆ ನೇತುಹಾಕಿಕೊಳ್ಳಿ.

ಚೆಂಡು ತನ್ನದೇ ಗುಂಡಿಯಲ್ಲಿ ಹೂತಿದ್ದರೆ ನಿಯಮ 16.3ರಂತೆ ದಂಡವಿಲ್ಲದೆ ಎತ್ತಿ, ಒರೆಸಿ, ಒಂದು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಡ್ರಾಪ್ ಮಾಡಬಹುದು, ಅಂದರೆ ಕೈಯಿಂದ ಬೀಳಿಸಬಹುದು. ಹೂತಿರದ ಚೆಂಡನ್ನೂ ಎತ್ತಿ ಒರೆಸಿ ಇಡುವ ಸವಲತ್ತು ಇರುವುದು ಆ ದಿನ ಸಮಿತಿ ಪ್ರಕಟಿಸಿದ್ದರೆ ಮಾತ್ರ. ಮನೆಗೆ ಬಂದ ಮೇಲೆ ಹೆಡ್ ಕವರ್ ತೆಗೆದು ಒಣಗಿಸಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ಪುಣೆದಾಗ ಹೋಗೋ ದೂರ ಮುಂಬೈದಾಗ ಹೋಗಂಗಿಲ್ಲ. ಭ್ರಮೆನೋ ಖರೇನೋ?

ನಿಜ, ಆದರೆ ಅಂದುಕೊಂಡಷ್ಟಿಲ್ಲ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿದೆ, ಗಾಳಿ ತೆಳು. ಅದರಿಂದ ಸಿಗುವುದು ಶೇ. 2ರಷ್ಟು, ಅಂದರೆ 200 ಯಾರ್ಡ್‌ಗೆ ನಾಲ್ಕು. ಡಿಸೆಂಬರ್‌ನ ಚಳಿ ಬೆಳಗಿನಲ್ಲಿ ಗಾಳಿ ದಟ್ಟವಾಗಿ ಆ ಲಾಭದ ಬಹುಪಾಲು ಹೋಗಿಬಿಡುತ್ತದೆ. ನೀವು ಕಂಡ ಉಳಿದ ವ್ಯತ್ಯಾಸ ಉರುಳಾಟದ್ದು; ಏಪ್ರಿಲ್-ಮೇಯಲ್ಲಿ ಒಣಗಿದ ಗಟ್ಟಿ ನೆಲ ಚೆಂಡನ್ನು ಓಡಿಸುತ್ತದೆ. ಅದೇ ಗಟ್ಟಿ ನೆಲದಲ್ಲಿ ಅಗಲ ತಳ ಪುಟಿಯುವ ಅಪಾಯವೂ ಇದೆ. ಅಲ್ಲಿ ಚೆಂಡನ್ನು ಅರ್ಧ ಚೆಂಡಿನಷ್ಟು ಹಿಂದಿಟ್ಟು ಮೊದಲು ಚೆಂಡಿಗೇ ತಾಗುವಂತೆ ಹೊಡೆಯಿರಿ.

ಗೋವೆಗೆ ರಜಕ್ಕೆ ಹೋಗುವಾಗ ವುಡ್ ಹೊತ್ತುಕೊಂಡು ಹೋಗಬೇಕಾ?

ಎಲ್ಲಿ ಆಡುತ್ತೀರಿ ಎಂಬುದರ ಮೇಲೆ ಇದೆ. ಕಾಣಕೋಣದ ಬಳಿ ರಾಜಬಾಗ ತೀರದ ಲಲಿತ್ ರೆಸಾರ್ಟ್‌ನ 9 ಹೋಲ್ ಕೋರ್ಸ್‌ಗೆ ಒಯ್ಯಿರಿ. ಕಾರವಾರದವರಿಗೂ ಅದು ಹತ್ತಿರ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ಎದುರು ಗಾಳಿಗೆ ಜೋರಾಗಿ ಹೊಡೆದರೆ ಸ್ಪಿನ್ ಹೆಚ್ಚಿ ಚೆಂಡು ಮೇಲಕ್ಕೇರಿ ಅಲ್ಲೇ ಬೀಳುತ್ತದೆ. ಹೆಚ್ಚು ದೂರ ಹೋಗುವ ಕ್ಲಬ್ ಒಂದನ್ನು ತೆಗೆದು, ಗ್ರಿಪ್‌ನಲ್ಲಿ ಒಂದಿಂಚು ಕೆಳಗೆ ಹಿಡಿದು, ಮುಕ್ಕಾಲು ಸ್ವಿಂಗ್ ಮಾಡಿ. ವಿಮಾನದಲ್ಲಾದರೆ ಬಿಚ್ಚಬಹುದಾದ ತಲೆಗಳನ್ನು ಬಿಚ್ಚಿ ಬಟ್ಟೆಯ ನಡುವೆ ಇಡಿ.

## ಮುಂದುವರಿದವರಿಗೆ

ಪಾರ್ 5ರಲ್ಲಿ 220 ಯಾರ್ಡ್ ಉಳಿದಿದೆ. ಗ್ರೀನಿಗೆ ಹೊಡೀಲಾ, ಮುಂದೆ ಇಟ್ಕೊಂಡು ಮೂರನೇದಕ್ಕೆ ಹೋಗ್ಲಾ?

1935ರ ಮಾಸ್ಟರ್ಸ್‌ನ ಕೊನೆಯ ದಿನ 15ನೇ ಹೋಲ್‌ನಲ್ಲಿ ಜೀನ್ ಸಾರಜನ್ ಸುಮಾರು 235 ಯಾರ್ಡ್‌ನಿಂದ 4-ವುಡ್‌ನಲ್ಲಿ ಹೊಡೆದ ಎರಡನೇ ಹೊಡೆತ ಹೋಲ್‌ಗೇ ಬಿತ್ತು. ಆ ಆಲ್ಬಟ್ರಾಸ್‌ನಿಂದ (ಪಾರ್‌ಗಿಂತ ಮೂರು ಕಡಿಮೆ) ಅವರು ಎದುರಾಳಿ ಕ್ರೇಗ್ ವುಡ್ ಅವರಿಗೆ ಸಮನಾಗಿ, ಮರುದಿನದ ಪ್ಲೇಆಫ್‌ನಲ್ಲಿ ಗೆದ್ದರು. ಅಂಥದ್ದನ್ನು ಕೇಳಿದಾಗ ಕೈ ತಡೆಯುವುದಿಲ್ಲ, ಸರಿ. ನಿರ್ಧಾರಕ್ಕೆ ಮಾತ್ರ ನಾನು ಎರಡೇ ಸಂಗತಿ ನೋಡುತ್ತೇನೆ. ನೀರೋ, ಕೋರ್ಸ್‌ನ ಗಡಿಯೋ (ಔಟ್ ಆಫ್ ಬೌಂಡ್ಸ್) ಹೊಡೆತದ ದಾರಿಯಲ್ಲಿದೆಯೇ? ಲೈ (ಚೆಂಡು ಕೂತ ನೆಲ) ಸಮವಾಗಿದೆಯೇ? ಗಂಡಾಂತರ ಇಲ್ಲದಿದ್ದರೆ ಹತ್ತಿರ ಹೋದಷ್ಟೂ ಲಾಭ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಹೊಡೆತಗಳ ಅಂಕಿಅಂಶ ಕಲೆಹಾಕಿ ತೋರಿಸಿದ್ದೂ ಅದನ್ನೇ: 90 ಯಾರ್ಡ್‌ನ ಪೂರ್ತಿ ವೆಡ್ಜ್‌ಗಿಂತ 30 ಯಾರ್ಡ್‌ನ ಚಿಪ್‌ನಿಂದಲೇ (ಗಿಡ್ಡ, ತಗ್ಗು ಹೊಡೆತ) ಸ್ಕೋರ್ ಚೆನ್ನಾಗಿ ಬರುತ್ತದೆ. ಆದ್ದರಿಂದ ಗ್ರೀನ್ ತಲುಪದಿದ್ದರೂ 5-ವುಡ್‌ನಲ್ಲಿ ಸಾಧ್ಯವಾದಷ್ಟು ಮುಂದೆ ಹೋಗಿ. ನೀರು ದಾಟಬೇಕಿದ್ದರೆ ನಿಮ್ಮ ಅತ್ಯುತ್ತಮ ಹೊಡೆತವನ್ನು ಬಿಟ್ಟು ಸಾಧಾರಣ ಹೊಡೆತದ ಕ್ಯಾರಿಯನ್ನೇ (ಗಾಳಿಯಲ್ಲಿ ಹೋಗುವ ದೂರ) ಲೆಕ್ಕಕ್ಕೆ ಹಿಡಿಯಿರಿ. ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ತಲೆಯಾಡಿಸಿ ಬೇಡ ಎಂದರೆ ಕೇಳಿ. ನಿಮ್ಮಂಥ ಎಷ್ಟೋ ಸ್ವಿಂಗ್‌ಗಳನ್ನು ಆ ನೀರಿನ ಮುಂದೆ ಅವರು ನೋಡಿದ್ದಾರೆ.

ಗ್ರೀನ್ ಪಕ್ಕದಲ್ಲಿ ವುಡ್‌ನಿಂದ ಚಿಪ್ ಮಾಡೋದು ಟಿವೀಲಿ ನೋಡಿದೆ. ನಮ್ಗೂ ಆಗುತ್ತಾ?

ಆಗುತ್ತದೆ. ಟೈಗರ್ ವುಡ್ಸ್ 3-ವುಡ್‌ನಿಂದ ಆಡಿ ಜನಪ್ರಿಯ ಮಾಡಿದ ಹೊಡೆತ ಅದು. ಚೆಂಡು ಗ್ರೀನ್ ಅಂಚಿನಲ್ಲಿ ಉದ್ದ ಹುಲ್ಲಿಗೆ ಒರಗಿ ನಿಂತಾಗ ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್) ಸಿಕ್ಕಿಕೊಳ್ಳುತ್ತದೆ, ವೆಡ್ಜ್ ಮೇಲೆ ಭರವಸೆ ಇರುವುದಿಲ್ಲ. ವುಡ್ ಅನ್ನು ಗ್ರಿಪ್‌ನ ತೀರ ಕೆಳಭಾಗದಲ್ಲಿ ಪಟರ್‌ನಂತೆ ಹಿಡಿದು, ಚೆಂಡಿಗೆ ಹತ್ತಿರ ನಿಂತು, ಮಣಿಕಟ್ಟು ಮುರಿಯದೆ ಪಟ್ ಮಾಡಿದಂತೆ ತಳ್ಳಿ. 15 ಡಿಗ್ರಿಯ ಮುಖ ಚೆಂಡನ್ನು ಹುಲ್ಲಿನಿಂದ ಚೂರು ಎಬ್ಬಿಸಿ ಉರುಳಲು ಬಿಡುತ್ತದೆ. ಪಟರ್‌ಗಿಂತ ಹೆಚ್ಚು ಓಡುವುದರಿಂದ ಬಲ ಕಡಿಮೆ ಇರಲಿ. ಮಳೆಗಾಲದ ದಟ್ಟ ಬರ್ಮುಡಾ ಹುಲ್ಲಿನಲ್ಲಿ ಇದನ್ನು ಬಳಸಬೇಡಿ, ಚೆಂಡು ಎರಡಡಿ ಹೋಗಿ ನಿಲ್ಲುತ್ತದೆ. ನವೆಂಬರ್‌ನಿಂದ ಮೇವರೆಗೆ, ಅಂಚಿನ ಹುಲ್ಲು ಒಣಗಿ ಗಿಡ್ಡವಾಗಿದ್ದಾಗ ಆಡಿ.